ಸೂಪು ಪರವಾಗಿಲ್ಲ

ಜನವರಿ 9

ಕಡ್ಡಿ,

ಈ ಹೆಸರು ನೋಡಿದ ತಕ್ಷಣ ಹರಿದು ಹಾಕ್ತೀಯೇನೋ. ಹರಿಯೋ ಮುಂಚೆ ಪೂರ್ತಿ ಓದಿಬಿಡು. ಆರು ವರ್ಷದವಳಿದ್ದಾಗಲೇ ಕಡ್ಡಿ ಮುರಿದ ಹಾಗೆ ಮಾತಾಡ್ತಿದ್ದೆ ಅಂತ ನಾನೇ ಇಟ್ಟ ಹೆಸರು. ಬೇರೆ ಹೆಸರಿಂದ ಕರೆಯೋಕೆ ನನಗೆ ಬಾಯೇ ಬರುವುದಿಲ್ಲ. ವಿಳಾಸ ಕೊಟ್ಟವಳು ನಿನ್ನ ಚಿಕ್ಕಮ್ಮ. ಮೂರು ಸಲ ಆಗೋದಿಲ್ಲ ಅಂದು ನಾಲ್ಕನೇ ಸಲ ಕೊಟ್ಟಳು. ಅವಳನ್ನು ಬೈಬೇಡ.

ಹದಿನೆಂಟು ವರ್ಷ ಆದ ಮೇಲೆ ಅಪ್ಪ ಪತ್ರ ಬರೆದಿದ್ದಾನೆ ಅಂದರೆ ಏನೋ ಕೆಲಸ ಇದೆ ಅಂತಲೇ ಅರ್ಥ. ಇದೆ. ಸುತ್ತಿ ಬಳಸದೆ ಹೇಳುತ್ತೇನೆ.

ಅಕ್ಟೋಬರಿನಲ್ಲಿ ನನಗೆ ಜ್ವರ ಬಂತು. ಎಂಟು ದಿನಕ್ಕೆ ಹೋಯಿತು, ಹೋಗುವಾಗ ನನ್ನ ಮೂಗು ನಾಲಿಗೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಕಾಫಿಗೂ ಬಿಸಿನೀರಿಗೂ ನನಗೆ ಈಗ ಬಣ್ಣದಲ್ಲಷ್ಟೇ ವ್ಯತ್ಯಾಸ. ಡಾಕ್ಟರು "ವಾಪಸ್ ಬರಬಹುದು, ಬರದೇನೂ ಇರಬಹುದು" ಅಂದರು. ಅಷ್ಟು ಹೇಳೋಕೆ ಡಾಕ್ಟರೇ ಬೇಕಿತ್ತೇ ಅನ್ನಿಸಿತು.

ನನ್ನ ಕೆಲಸ ನಿನಗೆ ಗೊತ್ತು. ಪ್ರತಿ ಶನಿವಾರ ಪೇಪರಿನಲ್ಲಿ 'ಮೂಲೆ ಮೇಜು' ಅನ್ನೋ ಅಂಕಣ. ಈ ಊರಿನ ಸಣ್ಣ ಪುಟ್ಟ ಹೋಟೆಲು, ಕಾಫಿ ಅಂಗಡಿಗಳಿಗೆ ಹೋಗಿ, ಮೂಲೆಯಲ್ಲಿ ಕೂತು, ತಿಂದು, ಹೇಗಿದೆ ಅಂತ ಬರೆಯೋದು. ರುಚಿ ಹೋದ ವಿಷಯ ಯಾರಿಗೂ ಹೇಳಿಲ್ಲ. ಮೂರು ತಿಂಗಳಿಂದ ಹಳೇ ಟಿಪ್ಪಣಿ ಬಿಸಿ ಮಾಡಿ ಬಡಿಸುತ್ತಿದ್ದೇನೆ. ಮೊನ್ನೆ ಸಂಪಾದಕರು, "ಈಚೆಗೆ ನೀವು ಕುರ್ಚಿ ಮೇಜಿನ ಬಗ್ಗೆ ಜಾಸ್ತಿ ಬರೀತಿದ್ದೀರಲ್ಲ?" ಅಂದರು. ಈ ಅಂಕಣ ಹೋದರೆ ನನಗೆ ಬೇರೆ ಏನೂ ಇಲ್ಲ ಕಣೇ. ಶನಿವಾರ ನನ್ನನ್ನು ಕಾಯೋರು ಅಂತ ಇರೋದು ಓದುಗರು ಮಾತ್ರ.

ನೀನು ನೀರಿನ ಮೀಟರ್ ಓದೋ ಕೆಲಸದಲ್ಲಿದ್ದೀಯ, ದಿನಾ ಬೀದಿ ಬೀದಿ ಸುತ್ತುತ್ತೀಯ, ಹೊಟ್ಟೆ ಹಸಿದ ಕಡೆ ಊಟ ಮಾಡ್ತೀಯ ಅಂತ ಚಿಕ್ಕಮ್ಮ ಹೇಳಿದಳು. ಎಲ್ಲಿ ತಿಂದೆ, ಹೇಗಿತ್ತು ಅಂತ ಎರಡೇ ಸಾಲು ಬರೆದು ಕಳಿಸು. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ. ಯಾರಿಗೂ ಗೊತ್ತಾಗಬೇಕಾಗಿಲ್ಲ.

ನಿನ್ನ ಅಪ್ಪ

ಜನವರಿ 24

'ಮೂಲೆ ಮೇಜು' ಅವರಿಗೆ,

ಚಿಕ್ಕಮ್ಮನಿಗೆ ಬೈದೆ.

ಫೋನ್ ನಂಬರ್ ಕೊಡಲ್ಲ. ಮಾತಾಡಿದ್ರೆ ಜಗಳ ಆಗುತ್ತೆ. ಕಾಗದ ಆದ್ರೆ ಅಂಚೆಗೆ ಹಾಕೋ ಮುಂಚೆ ಒಂದು ಸಲ ಓದ್ಕೊಂಡು, ಜಾಸ್ತಿ ಆಗಿದ್ದನ್ನ ಹೊಡೆದು ಹಾಕಬಹುದು. ಭೇಟಿ ಆಗೋಣ ಅಂತಲೂ ಕೇಳಬೇಡಿ. ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು, ನೀವು ಬರಲಿಲ್ಲ. ಯಾಕೆ ಅಂತ ನಾನು ಕೇಳಲ್ಲ, ನೀವೂ ಹೇಳೋಕೆ ಹೋಗಬೇಡಿ.

ಮತ್ತೆ ಯಾಕೆ ಒಪ್ಕೊಂಡೆ ಅಂದ್ರೆ, ಹೇಗಿದ್ರೂ ತಿಂತೀನಿ. ಒಬ್ಬಳೇ ತಿಂತೀನಿ. ತಿಂದಿದ್ದನ್ನ ಒಬ್ಬರಿಗೆ ಹೇಳಿದ್ರೆ ನನ್ನ ಗಂಟೇನೂ ಹೋಗಲ್ಲ.

ರೈಲು ನಿಲ್ದಾಣದ ಎದುರು, ಚಪ್ಪಲಿ ಅಂಗಡಿ ಮೇಲಿನ ಮಹಡಿ ಕಾಫಿ ಅಂಗಡಿ. ಹದಿನೇಳು ಮೆಟ್ಟಿಲು, ಒಂಬತ್ತನೇದು ಅಲ್ಲಾಡುತ್ತೆ. ಕಾಫಿ, ಬೆಣ್ಣೆ ಹಚ್ಚಿದ ಬ್ರೆಡ್ಡು. ಚೆನ್ನಾಗಿದೆ.

ಹಳೇ ಮುದ್ರಣಾಲಯದ ಬೀದಿಯಲ್ಲಿ ಇಬ್ಬರು ಅಣ್ಣ ತಮ್ಮ ನಡೆಸೋ ಹೋಟೆಲು. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲ್ಲ, ಗಿರಾಕಿ ಮೂಲಕ ಮಾತಾಡ್ತಾರೆ. "ಒಳಗಿರೋ ಮಹಾನುಭಾವರಿಗೆ ಇನ್ನೊಂದು ಮೊಟ್ಟೆ ಬೇಕು ಅಂತ ಹೇಳಿ" ಅಂತ ನನ್ನ ಕೈಲಿ ಹೇಳಿಸಿದ್ರು. ಮೊಟ್ಟೆ, ಹುರಿದ ಆಲೂಗಡ್ಡೆ. ಚೆನ್ನಾಗಿದೆ.

ಮೀಟರ್ ಓದೋಳು

ಫೆಬ್ರವರಿ 5

ಕಡ್ಡಿ,

ನಿನ್ನ ಎರಡು 'ಚೆನ್ನಾಗಿದೆ'ಯಿಂದ ನಾನು ಎರಡು ಶನಿವಾರ ದಾಟಿದೆ. ಕತ್ತರಿಸಿದ ಪೇಪರು ಜೊತೆಗಿಟ್ಟಿದ್ದೇನೆ. 'ಬೆಣ್ಣೆ ಬ್ರೆಡ್ಡಿನ ಮೇಲೆ ಕರಗೋ ಮುಂಚೆ ಮನಸ್ಸು ಕರಗಿತು' ಅನ್ನೋ ಸಾಲನ್ನು ಸಂಪಾದಕರು ಎದ್ದು ಬಂದು ಮೆಚ್ಚಿದರು. ಅಣ್ಣ ತಮ್ಮಂದಿರ ಹೋಟೆಲಿನ ಮುಂದೆ ಭಾನುವಾರ ಸಾಲು ನಿಂತಿತ್ತಂತೆ. ಈಗ ಇಬ್ಬರಿಗೂ ಪುರುಸೊತ್ತಿಲ್ಲ, ಬೇರೆ ದಾರಿ ಇಲ್ಲದೆ ನೇರ ಮಾತಾಡುತ್ತಿದ್ದಾರಂತೆ. ನೋಡು, ನನ್ನಿಂದ ಒಂದು ಒಳ್ಳೇದೂ ಆಯಿತು.

ನೀನು ಬರೆದ ಅಲ್ಲಾಡೋ ಮೆಟ್ಟಿಲನ್ನು ಓದಿ ನಕ್ಕೆ. ಒಬ್ಬನೇ ಇದ್ದಾಗ ಜೋರಾಗಿ ನಕ್ಕು ಎಷ್ಟು ದಿನ ಆಗಿತ್ತೋ. ಎರಡು ಸಾಲು ಅಂದಿದ್ದೆ, ನೀನು ಹತ್ತು ಸಾಲು ಬರೆದೆ. ಇನ್ನೂ ಬರೆ.

ಅಪ್ಪ

ಫೆಬ್ರವರಿ 16

'ಮೂಲೆ ಮೇಜು' ಅವರಿಗೆ,

ಕರಗಿದ್ದು ಬೆಣ್ಣೆ ಅಲ್ಲ, ಯಾವುದೋ ಎಣ್ಣೆ ಇರಬೇಕು. ಇರಲಿ. ಉಪ್ಪು ಖಾರ ಹಚ್ಚೋದು ನಿಮ್ಮ ಕಸುಬು, ಕಂಡ ಅಂಕಿ ಬರ್ಕೊಳ್ಳೋದು ನನ್ನ ಕಸುಬು.

ಈ ಹದಿನೈದು ದಿನ ನನಗೆ ಬಸ್ ಡಿಪೋ ಹಿಂದಿನ ಬೀದಿಗಳು. ಮೀಟರ್ ಗುಂಡಿ ತೆಗೆದರೆ ಇಲಿ, ಜಿರಳೆ, ಒಂದು ಕಡೆ ಯಾರದೋ ಹಲ್ಲಿನ ಸೆಟ್ಟು. ಅಲ್ಲೊಂದು ಅಂಗಡಿ ಇದೆ. ಐದೇ ಮೇಜು. ಒಬ್ಬರೇ ಹೆಂಗಸು ನಡೆಸೋದು, ಡ್ರೈವರುಗಳೆಲ್ಲ ಸೂಪಿನಕ್ಕ ಅಂತಾರೆ. ಮಧ್ಯಾಹ್ನ ಒಂದೇ ಒಂದು ಐಟಂ, ಸೂಪು ಮತ್ತು ಬ್ರೆಡ್ಡು. ಏನು ಬೇಕು ಅಂತ ಕೇಳಲ್ಲ, ಕೂತ ತಕ್ಷಣ ತಂದಿಡ್ತಾರೆ. ಗೋಡೆ ಮೇಲೆ ಏನೂ ಇಲ್ಲ, ಒಂದು ಗಡಿಯಾರ ಇದೆ, ಅದೂ ಹತ್ತು ನಿಮಿಷ ಮುಂದೆ. ಡ್ರೈವರುಗಳಿಗೆ ಬಸ್ಸು ತಪ್ಪಬಾರದಂತೆ. ಹುರುಳಿಕಾಯಿ, ಕ್ಯಾರೆಟ್ಟು, ಆಲೂಗಡ್ಡೆ, ಮೇಲೆ ಹುರಿದ ಬೆಳ್ಳುಳ್ಳಿ. ಅಷ್ಟೇ. ಎದ್ದು ಹೊರಡೋ ಹೊತ್ತಿಗೆ ಇಪ್ಪತ್ತು ನಿಮಿಷ ತಡ ಆಗಿ, ಮುಂದಿನ ಬೀದಿಯ ಮೂರು ಮನೆಗೆ ಬೀಗ ಬಿದ್ದಿತ್ತು.

ಸೂಪು ಪರವಾಗಿಲ್ಲ.

ಮೀಟರ್ ಓದೋಳು

ಫೆಬ್ರವರಿ 28

ಕಡ್ಡಿ,

ಸಮಯಕ್ಕೆ ಸರಿಯಾಗಿ ಸಿಕ್ಕಿತು ನಿನ್ನ ಸೂಪು. ಬರೀ ಹೊಗಳಿಕೆಯೇ ಆದರೆ ಓದುಗರು ಅನುಮಾನ ಪಡುತ್ತಾರೆ, ಆಗಾಗ ಒಬ್ಬರಿಗೆ ಚುರುಕು ಮುಟ್ಟಿಸಬೇಕು. ಪೇಪರು ಜೊತೆಗಿದೆ. 'ಸೂಪು ಪರವಾಗಿಲ್ಲ. ಹಸಿದವರಿಗೆ ಸಾಕು, ದಾರಿ ಬಿಟ್ಟು ಹೋಗುವಂಥದ್ದೇನೂ ಅಲ್ಲ. ಉಪ್ಪು ಬರಲೋ ಬೇಡವೋ ಅಂತ ಬಾಗಿಲಲ್ಲೇ ನಿಂತಿದೆ. ಕೈಗೆ ಬರೋಕೆ ಇಪ್ಪತ್ತು ನಿಮಿಷ, ಗೋಡೆಯ ಗಡಿಯಾರ ಮಾತ್ರ ಓಡುತ್ತದೆ.' ಉಪ್ಪಿನ ಸಾಲು ನನ್ನದೇ ಒಗ್ಗರಣೆ. ಪರವಾಗಿಲ್ಲ ಅನ್ನೋ ಸೂಪಿನಲ್ಲಿ ಸಾಮಾನ್ಯವಾಗಿ ಕಮ್ಮಿ ಇರೋದು ಅದೇ.

ಮುಂದಿನ ವಾರ ಯಾವ ಬೀದಿ?

ಅಪ್ಪ

ಮಾರ್ಚ್ 30

ಅಪ್ಪನಿಗೆ,

ಒಂದು ತಿಂಗಳು ಬರೀಲಿಲ್ಲ. ಬರೆದಿದ್ದನ್ನೆಲ್ಲ ಹೊಡೆದು ಹಾಕಬೇಕಾಗ್ತಿತ್ತು.

ನಿಮ್ಮ ಪೇಪರು ಬಂದ ಮೇಲೆ ಡಿಪೋ ಕಡೆ ಮತ್ತೆ ಹೋದೆ. ಕೂತೆ. ಸೂಪಿನಕ್ಕ ತಂದಿಟ್ರು. ಒಂದು ಚಮಚ ಬಾಯಿಗಿಟ್ಟೆ, ನುಂಗೋಕೆ ಆಗಲಿಲ್ಲ. ಉಪ್ಪು, ಬರೀ ಉಪ್ಪು. "ಏನಕ್ಕಾ ಇದು?" ಅಂದೆ. ಅವರು ನನ್ನನ್ನ ಒಳಗೆ ಕರ್ಕೊಂಡು ಹೋಗಿ, ಉಪ್ಪಿನ ಡಬ್ಬಿ ಮುಚ್ಚಳದ ಒಳಗೆ ಅಂಟಿಸಿರೋ ನಿಮ್ಮ ಅಂಕಣ ತೋರಿಸಿದ್ರು. "ಓದಿದೋರು ಬರೆದಿದ್ದಾರಲ್ಲಮ್ಮ. ಇಷ್ಟು ವರ್ಷ ಡ್ರೈವರುಗಳು ಪಾಪ ನನಗೆ ಬೇಜಾರಾಗುತ್ತೆ ಅಂತ ಹೇಳದೇ ತಿಂತಿದ್ರು ಅಂತ ಕಾಣುತ್ತೆ" ಅಂದ್ರು. ದಿನಾ ಸ್ವಲ್ಪ ಸ್ವಲ್ಪ ಏರಿಸ್ತಾ ಬಂದಿದ್ದಾರೆ. ರುಚಿ ನೋಡಲ್ವಾ ಅಂದ್ರೆ, "ನನ್ನ ನಾಲಿಗೇನ ನಾನು ಹೇಗಮ್ಮ ನಂಬಲಿ ಇನ್ನು?" ಅಂದ್ರು.

ಐದು ಮೇಜಲ್ಲಿ ಮೂರು ಖಾಲಿ. ಹೀಗೇ ಆದ್ರೆ ಮೇ ಕೊನೆಗೆ ಬಾಗಿಲು ಹಾಕ್ತಾರಂತೆ.

ಇನ್ನು ಆ ಮಾತಿಗೆ ಬರ್ತೀನಿ. ನಾನು ಸೂಪು 'ಪರವಾಗಿಲ್ಲ' ಅಂದೆ. ಅಪ್ಪ, ನಾನು ಕೂತು ಎದ್ದೇಳೋಕೆ ಮನಸ್ಸಾಗದೆ ಮೂರು ಮನೆ ಬಿಟ್ಟೆ ಅಂತ ಬರೆದಿದ್ದು ನಿಮಗೆ ಓದೋಕೆ ಬರಲಿಲ್ವಾ? ನಮ್ಮ ಮನೇಲಿ ಅದಕ್ಕಿಂತ ದೊಡ್ಡ ಮಾತೇ ಇರಲಿಲ್ಲ. ಅಮ್ಮ 'ಚೆನ್ನಾಗಿದೆ' ಅನ್ನೋದು ಪಕ್ಕದ ಮನೆಯವರು ಕೊಟ್ಟಿದ್ದನ್ನ ಒಂದು ತುತ್ತು ತಿಂದು ಪಕ್ಕಕ್ಕೆ ಇಟ್ಟಾಗ. ಯಾರಿಗೂ ನೋವಾಗಬಾರದು ಅಂತ ಹೇಳೋ ಮಾತು ಅದು. ನಿಜವಾಗಲೂ ಹಿಡಿಸಿದ್ರೆ, ಹುಬ್ಬು ಮೇಲೆ ಮಾಡಿ, ತಲೆ ಸ್ವಲ್ಪ ಓರೆ ಮಾಡಿ, "ಪರವಾಗಿಲ್ಲಾ!" ಅಂತಿದ್ರು. ಕೊನೇ ಅಕ್ಷರ ಎಳೆದು. ನಾನು ಕೆಲಸಕ್ಕೆ ಸೇರಿದ ದಿನ ನೀಲಿ ಅಂಗಿ ಹಾಕ್ಕೊಂಡು ನಿಂತಾಗಲೂ ಅದನ್ನೇ ಅಂದ್ರು. ನನಗೆ ಅದು ಎಷ್ಟು ಸಾಕಾಯ್ತು ಅಂದ್ರೆ, ಬೇರೆಯವರ ಹೊಗಳಿಕೆ ಇವತ್ತಿಗೂ ಬೇಕನ್ನಿಸಲ್ಲ.

ಕಾಗದದಲ್ಲಿ ರಾಗ ಬರಲ್ಲ, ಒಪ್ತೀನಿ. ಆದ್ರೆ ನೀವು ಆ ಮನೇಲಿ ಹದಿನೈದು ವರ್ಷ ಇದ್ರಿ.

ಈಗ ಕೇಳಿ. ರುಚಿ ಗೊತ್ತಾಗದೆ ಬರೆದೆ, ಉಪ್ಪಿನ ಮಾತು ಸುಳ್ಳು ಅಂತ ಅದೇ ಅಂಕಣದಲ್ಲಿ ಅಚ್ಚು ಹಾಕಿಸಿ. ಹಾಕಿಸೋವರೆಗೂ ನನ್ನಿಂದ ಒಂದು ಸಾಲೂ ಬರಲ್ಲ. ಹೋಟೆಲಿನ ವಿಷಯ ಅಲ್ಲ, ಯಾವ ವಿಷಯದ್ದೂ.

ಮಗಳು

ಏಪ್ರಿಲ್ 21

ಕಡ್ಡಿ,

ಈ ಪತ್ರ ಎಂಟನೇ ಸಲ ಬರೆಯುತ್ತಿದ್ದೇನೆ.

ಮೊದಲ 'ಮೂಲೆ ಮೇಜು' ಅಚ್ಚಾದ ಬೆಳಿಗ್ಗೆ ಪೇಪರನ್ನು ನಿನ್ನ ಅಮ್ಮನ ಕೈಗೆ ಕೊಟ್ಟು ನಿಂತಿದ್ದೆ. ಓದಿದಳು. ಮಡಿಸಿದಳು. "ಪರವಾಗಿಲ್ಲ" ಅಂದಳು. ನಾನು ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಹೊಸ ಮನೆಗೆ ಹೋದಾಗ ಪರವಾಗಿಲ್ಲ. ನಾನು ತಂದ ಸೀರೆ ಪರವಾಗಿಲ್ಲ. ನನ್ನ ಕೈಯಡುಗೆ ಪರವಾಗಿಲ್ಲ. ಇವಳ ಮುಂದೆ ನಾನು ತಲೆ ಕೆಳಗೆ ಮಾಡಿ ನಿಂತರೂ ಅಷ್ಟೇ ಅಂದುಕೊಂಡೆ. ಹೊರಗೆ ಜನ 'ಅದ್ಭುತ' ಅನ್ನುತ್ತಿದ್ದರು, ನನಗೆ ಅದು ಕೇಳಿ ಕೇಳಿ ಅಭ್ಯಾಸ ಆಗಿಹೋಯಿತು. ಹುಬ್ಬು ಮೇಲೆ ಮಾಡುತ್ತಿದ್ದಳು, ನಿಜ. ನಾನು ಅದನ್ನು ಅಣಕ ಅಂದುಕೊಂಡಿದ್ದೆ.

ನನಗೆ ತುಂಬ ನೋವಾಗುತ್ತಿದೆ. ಇದನ್ನು ಹೇಳೋಕೆ ಬೇರೆ ಯಾರೂ ಇಲ್ಲ, ನಿನಗೇ ಹೇಳುತ್ತಿದ್ದೇನೆ.

ನೀನು ಹೇಳಿದ ಹಾಗೆ ಬರೆದು ಸಂಪಾದಕರ ಮೇಜಿನ ಮೇಲೆ ಇಟ್ಟೆ. ಓದಿ ಬಾಗಿಲು ಹಾಕಿಕೊಂಡು ಬಂದರು. "ಇದನ್ನ ಹಾಕಿದ್ರೆ ನಮ್ಮ ಪೇಪರು ಓದೋರು ಯಾರ್ರೀ? ಹವಾಮಾನ ಬರೆಯೋರು ಆಕಾಶ ನೋಡ್ತಾರಾ ಅಂತಲೂ ಕೇಳ್ತಾರೆ" ಅಂದರು. ಅಚ್ಚು ಹಾಕುವುದಿಲ್ಲವಂತೆ. ಮುಂದಿನ ಶನಿವಾರದಿಂದ ಆ ಜಾಗದಲ್ಲಿ ಪದಬಂಧ ಬರುತ್ತದೆ. ಅಂಕಣ ಹೋಯಿತು. ಸತ್ಯವೂ ಅಚ್ಚಾಗಲಿಲ್ಲ. ನನ್ನ ಕೈಲಿ ಆಗೋದು ಇಷ್ಟೇ ಆಗಿತ್ತು.

ಇನ್ನು ನಿನ್ನ ಪತ್ರ ಬರುವುದಿಲ್ಲ ಅಂತ ಗೊತ್ತು. ಬೆಳಿಗ್ಗೆ ಅಂಚೆಯವನ ಸೈಕಲ್ಲಿನ ಗಂಟೆಗೆ ಕಿವಿ ಕೊಡೋದು ಮಾತ್ರ ಬಿಟ್ಟಿಲ್ಲ.

ಅಪ್ಪ

ಮೇ 2

ಅಪ್ಪನಿಗೆ,

ಅಮ್ಮನ ಆ ಒಂದು ಮಾತಿಗೆ ನೀವು ಮನೆ ಬಿಟ್ರಿ ಅಂತ ನಾನು ನಂಬಲ್ಲ. ಹೋಗಬೇಕು ಅಂತ ಇತ್ತು, ಹೋದ್ರಿ. ನೆಪಕ್ಕೆ ಆ ಮಾತು ಕೈಗೆ ಸಿಕ್ತು. ಆದ್ರೆ ಆ ಮಾತು ಅಷ್ಟು ವರ್ಷ ನಿಮ್ಮನ್ನ ಚುಚ್ಚಿದ್ದು ನಿಜ ಅಂತ ನಂಬ್ತೀನಿ. ನೀವು ಅಮ್ಮನ್ನ ಕೇಳಬಹುದಿತ್ತು.

ಡಿಪೋ ಬೀದಿ ನನ್ನ ಪಾಳಿಯಲ್ಲಿ ಈಗಿಲ್ಲ. ಆದ್ರೂ ದಿನಾ ಅಲ್ಲಿಗೇ ಹೋಗಿ ತಿಂತಿದ್ದೀನಿ. ಯಾರಾದ್ರೂ ಒಬ್ಬರು ತಿನ್ನಬೇಕಲ್ಲ. ಎರಡು ಲೋಟ ನೀರು ಕುಡಿದು ಎದ್ದು ಬರ್ತೀನಿ. ಬರೆದೋರಿಗೆ ರುಚಿನೇ ಗೊತ್ತಾಗಲ್ಲ, ಹಳೇ ಥರಾನೇ ಮಾಡಿ ಅಂತ ನಾನು ಎಷ್ಟು ಹೇಳಿದ್ರೂ ಸೂಪಿನಕ್ಕ ಕೇಳಲ್ಲ. "ನೀನು ಒಳ್ಳೆ ಹುಡುಗಿ, ನನ್ನ ಸಮಾಧಾನಕ್ಕೆ ಹೇಳ್ತೀಯ" ಅಂತಾರೆ.

ಪೇಪರಿನವರು ಅಚ್ಚು ಹಾಕದಿದ್ರೆ ಬೇಡ. ನಿಮಗೆ ಬಾಯಿ ಇದೆ.

ಮಗಳು

ಮೇ 15

ಅಪ್ಪನಿಗೆ,

ಸೋಮವಾರ ಮಧ್ಯಾಹ್ನ ಡಿಪೋ ಹಿಂದಿನ ಅಂಗಡಿಯಲ್ಲಿ ನಾನು ಕಂಡಿದ್ದನ್ನ ಕಂಡ ಹಾಗೆ ಬರೀತೀನಿ.

ಹನ್ನೆರಡು ಮುಕ್ಕಾಲಿಗೆ ಒಬ್ಬರು ಬಂದ್ರು. ಪೇಪರಿನಲ್ಲಿ ಬರೋ ಫೋಟೋಗಿಂತ ಅರ್ಧ ಆಗಿದ್ರು. ಇಸ್ತ್ರಿ ಮಾಡಿದ ಅಂಗಿ, ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿದ್ರು. ನೇರ ಅಡುಗೆ ಮಾಡೋ ಕಡೆ ಹೋಗಿ, ಕೈ ಕಟ್ಕೊಂಡು ನಿಂತು, "ನಿಮ್ಮ ಸೂಪಿನ ಬಗ್ಗೆ ಬರೆದೋನು ನಾನು" ಅಂದ್ರು. ಸೂಪಿನಕ್ಕ ಸೆರಗಲ್ಲಿ ಕೈ ಒರೆಸ್ಕೊಂಡು, "ಬನ್ನಿ ಸಾರ್, ಈಗ ಉಪ್ಪು ಸರಿ ಮಾಡಿದ್ದೀನಿ" ಅಂದ್ರು.

ಆಗ ಆ ಮನುಷ್ಯ ಬಾಗಿಲ ಕಡೆ ತಿರುಗಿ ನೋಡಿದ್ರು. ನಾನು, ಇನ್ನು ಇವರು ವಾಪಸ್ ಹೋಗ್ತಾರೆ ಅಂದ್ಕೊಂಡೆ. ಹೋಗಲಿಲ್ಲ. "ನಾನು ಇಲ್ಲಿಗೆ ಬರುತ್ತಿರೋದು ಇವತ್ತೇ ಮೊದಲು. ನನಗೆ ಅಕ್ಟೋಬರಿನಿಂದ ರುಚಿ ಗೊತ್ತಾಗೋದಿಲ್ಲ. ಉಪ್ಪಿನ ಮಾತು ನಾನು ಕೂತಲ್ಲೇ ಕಟ್ಟಿದ್ದು" ಅಂದ್ರು.

ಸೂಪಿನಕ್ಕ ಸೌಟು ಕೆಳಗಿಟ್ರು. ಅವರಿಗೆ ಸಿಟ್ಟು ಬಂದಿದ್ದನ್ನ ನಾನು ಅವತ್ತೇ ನೋಡಿದ್ದು. "ಹಾಗಾದ್ರೆ ಎರಡೂವರೆ ತಿಂಗಳು ನಾನು ಯಾರ ಮಾತು ಕೇಳಿ ನನ್ನ ಕೈ ಕೆಡಿಸ್ಕೊಂಡೆ?" ಅಂದ್ರು. ಆಮೇಲೆ, "ನನಗೊಬ್ಬಳಿಗೆ ಹೇಳಿದ್ರೆ ಆಯ್ತಾ? ತಿನ್ನೋರಿಗೆ ಹೇಳಿ. ಒಂದೊಂದು ಮೇಜಿಗೂ ಹೋಗಿ ಹೇಳಿ" ಅಂದ್ರು.

ಹೋದ್ರು. ಮೊದಲನೇ ಮೇಜಿನ ಡ್ರೈವರು ಕೇಳಿ ಹೊಟ್ಟೆ ಹಿಡ್ಕೊಂಡು ನಕ್ಕ. "ಸ್ವಾಮೀ, ಕಣ್ಣು ಕಾಣಲ್ಲ ಅಂತ ಮುಚ್ಚಿಟ್ಟು ನಾನು ಬಸ್ಸು ಓಡಿಸಿದ್ರೆ ನೀವು ಹತ್ತುತ್ತೀರಾ?" ಅಂದ. "ಹತ್ತೋದಿಲ್ಲ" ಅಂದ್ರು ಆ ಮನುಷ್ಯ. ಎರಡನೇ ಮೇಜಿನೋರು ಕಿವಿ ಕೇಳಿಸದೋರು, ಅವರಿಗೆ ಎರಡು ಸಲ, ಜೋರಾಗಿ ಹೇಳಬೇಕಾಯ್ತು. ಮೂರನೇ ಮೇಜಿನಲ್ಲಿ ಇಬ್ಬರು ಕಂಡಕ್ಟರು. ಒಬ್ಬರು, "ಇದನ್ನ ಪೇಪರಲ್ಲಿ ಹಾಕೋದಲ್ವಾ?" ಅಂದ್ರು. "ಹಾಕಲಿಲ್ಲ" ಅಂದ್ರು. ಪೇಪರಿನವರ ಮೇಲೆ ಒಂದು ಮಾತೂ ಹಾಕಲಿಲ್ಲ. ನಾಲ್ಕನೇದು ಖಾಲಿ.

ಐದನೇ ಮೇಜಿನಲ್ಲಿ, ಕಿಟಕಿ ಪಕ್ಕ ಒಬ್ಬಳು ಹೆಂಗಸು ಕೂತಿದ್ಲು. ಆ ಮನುಷ್ಯ ಅಷ್ಟೊತ್ತಿಗೆ ಬೆವರಿ ಹೋಗಿದ್ರು, ತಲೆ ಎತ್ತಲಿಲ್ಲ. ಅವಳ ಬಟ್ಟಲನ್ನೇ ನೋಡ್ತಾ ಮಾತಾಡಿದ್ರು. "ಕ್ಷಮಿಸಬೇಕು ತಾಯಿ. ಇದನ್ನು ತಿಂದು ಬಂದಿದ್ದು ನಾನಲ್ಲ, ನನ್ನ ಮಗಳು. ಅವಳು ತುಂಬ ಚೆನ್ನಾಗಿದೆ ಅಂತಲೇ ಹೇಳಿದ್ದಳು. ಅವಳ ಮಾತು ನನಗೆ ಅರ್ಥ ಆಗಲಿಲ್ಲ. ಅವಳ ಅಮ್ಮನ ಮಾತೂ ಅರ್ಥ ಆಗಿರಲಿಲ್ಲ. ತಪ್ಪು ಅವರದಲ್ಲ" ಅಂದ್ರು. ಆ ಹೆಂಗಸು "ಆಯ್ತು" ಅಂದ್ಲು. ಎದುರಿನ ಕುರ್ಚಿ ಮೇಲಿದ್ದ ತನ್ನ ಚೀಲ ತೆಗೆದು ಕೆಳಗಿಟ್ಲು. ಅವರು ಕೈ ಮುಗಿದು ಹೊರಗೆ ಹೋದ್ರು.

ಸೂಪಿನಕ್ಕ ಇಡೀ ಪಾತ್ರೆ ಚರಂಡಿಗೆ ಸುರಿದು, ಅಲ್ಲೇ ನಿಂತು ಹೊಸದಾಗಿ ಮಾಡಿದ್ರು. ಮಾಡ್ತಾ ಮಾಡ್ತಾ ಚಮಚದಲ್ಲಿ ತಾವೇ ಮೂರು ಸಲ ರುಚಿ ನೋಡಿದ್ರು. ಯಾರನ್ನೂ ಕೇಳಲಿಲ್ಲ. ನಿನ್ನೆ ಐದು ಮೇಜೂ ತುಂಬಿತ್ತು. ಬಾಗಿಲು ಹಾಕೋ ಮಾತು ಅವರ ಬಾಯಲ್ಲಿ ಬರ್ತಿಲ್ಲ.

ಹದಿಮೂರು ವರ್ಷದವಳನ್ನ ಬಿಟ್ಟು ಹೋದೋರಿಗೆ ಮೂವತ್ತೊಂದರವಳ ಗುರುತು ಹತ್ತದೇ ಇದ್ದಿದ್ದು ನಿಮ್ಮ ತಪ್ಪೇ. ಆದ್ರೆ ಗುರುತು ಹತ್ತಿದ್ರೆ ನೀವು ಆ ಮಾತು ನನ್ನ ಮುಂದೆ ಹೇಳ್ತಿರಲಿಲ್ಲ. ನಾನು ಅವತ್ತು ಮಧ್ಯಾಹ್ನ ಒಂದು ಮೀಟರೂ ಸರಿಯಾಗಿ ಓದಲಿಲ್ಲ.

ಗುರುವಾರ ಹನ್ನೆರಡೂವರೆಗೆ ಬನ್ನಿ. ಅದೇ ಕಿಟಕಿ ಪಕ್ಕದ ಮೇಜು. ಈ ಸಲ ತಲೆ ಎತ್ತಿ ನೋಡಿ. ನೀಲಿ ಅಂಗಿ, ಚಿಕ್ಕ ಕೂದಲು, ಮೂಗು ನಿಮ್ಮದೇ.

ನಿಮ್ಮ ಮಗಳು